ಭದ್ರಾವತಿಯ ಕಬ್ಬಿಣದ ಕಾರ್ಖಾನೆ: ಒಡೆತನದ ಬದಲಾವಣೆ ಮತ್ತು ಕಾರ್ಮಿಕರ ಪಾಡು

ಭದ್ರಾವತಿ ತಾಲ್ಲೂಕಿನ ಆಧುನಿಕ ಚರಿತ್ರೆಯನ್ನು, ಹಿಂದೆ ಬೆಂಕಿಪುರವೆನಿಸಿದ್ದ ಪಟ್ಟಣದಲ್ಲಿ ಭದ್ರಾ ನದಿಯ ದಡದ ಮೇಲೆ ಎದ್ದ ಕಬ್ಬಿಣದ ಕಾರ್ಖಾನೆಯನ್ನು ಬಿಟ್ಟು ಬರೆಯಲಾಗದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ರೂಪುಗೊಂಡ ಈ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಿಲಿನೊಡನೆ ಊದುಕುಲುಮೆಯಲ್ಲಿ, ಅಂದರೆ ಬಿಸಿಗಾಳಿಯನ್ನು ಒತ್ತಡದಿಂದ ಊದಿ ಅದಿರನ್ನು ಕರಗಿಸುವ ಎತ್ತರದ ಕುಲುಮೆಯಲ್ಲಿ, ಕರಗಿಸಿ ಬೀಡುಕಬ್ಬಿಣ ತೆಗೆಯುತ್ತಿದ್ದುದರಿಂದ, ಗಣಿಯಲ್ಲಿ ಅಗೆಯುವವರಿಗೂ ಕಾಡಿನಲ್ಲಿ ಮರ ಕಡಿಯುವವರಿಗೂ ಅದೇ ಅನ್ನದ ದಾರಿಯಾಯಿತು.

ಮೈಸೂರು ಸಂಸ್ಥಾನದ ಇಲಾಖೆಯಂತೆ ಬೆಳೆದ ಕಾರ್ಖಾನೆ 1962ರಲ್ಲಿ ಸರ್ಕಾರಿ ಕಂಪನಿಯಾಗಿ, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಪಡೆದು, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಗಿ, 1998ರಲ್ಲಿ ಅದರಲ್ಲೇ ವಿಲೀನಗೊಂಡಿತು. ಪ್ರತಿ ಪುನಾರಚನೆಯೂ ಬಂಡವಾಳದ ಭರವಸೆಯೊಡನೆ ಬಂದರೂ, ತೀರ್ಮಾನ ಕೈಗೊಳ್ಳುವ ಅಧಿಕಾರವು ಬೆಂಗಳೂರಿನಿಂದ ದೆಹಲಿಗೆ ಸಾಗಿ, ದುಡಿಯುವವರಿಂದ ದೂರವಾಗುತ್ತ ಹೋಯಿತು. ಕಾಲಕ್ರಮೇಣ ಸ್ವಂತ ಗಣಿಯಿಲ್ಲದಂತಾಗಿ ಅದಿರನ್ನು ಹೊರಗಿನಿಂದ ಕೊಳ್ಳಬೇಕಾದ ಸ್ಥಿತಿಯೂ ಹಳತಾದ ಯಂತ್ರಗಳೂ ನಷ್ಟವನ್ನು ಹೆಚ್ಚಿಸಿದವು. 2016ರಲ್ಲಿ ಕೇಂದ್ರ ಸರ್ಕಾರವು ಬಂಡವಾಳ ಹಿಂತೆಗೆತಕ್ಕೆ, ಎಂದರೆ ತನ್ನ ಪಾಲನ್ನು ಖಾಸಗಿಯವರಿಗೆ ಮಾರುವುದಕ್ಕೆ, ಒಪ್ಪಿಗೆ ನೀಡಿತಾದರೂ ಕೊಳ್ಳಲು ಸಾಕಷ್ಟು ಆಸಕ್ತಿ ತೋರುವವರಿಲ್ಲದೆ 2022ರಲ್ಲಿ ಆ ಪ್ರಕ್ರಿಯೆಯನ್ನು ಕೈಬಿಡಲಾಯಿತು. 2023ರ ಜನವರಿಯಲ್ಲಿ, ಕಾರ್ಖಾನೆಯ ಶತಮಾನದ ವರ್ಷದಲ್ಲೇ, ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದು ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು.

ನೌಕರಿ ಕಡಿತದ ಪೆಟ್ಟು ಮೊದಲು ಬೀಳುವುದು ಈ ಗುತ್ತಿಗೆಯವರ ಮೇಲೆ. ಕಾಯಂ ನೌಕರರು ನಿವೃತ್ತರಾದಾಗ ಅವರ ಜಾಗಗಳನ್ನು ತುಂಬದೆ, ಕೆಲಸವನ್ನು ಗುತ್ತಿಗೆದಾರರ ಮೂಲಕ ಮಾಡಿಸುವ ಪದ್ಧತಿಯಲ್ಲಿ, ವರ್ಷಗಟ್ಟಲೆ ಅದೇ ಯಂತ್ರದ ಮುಂದೆ ದುಡಿದವರಿಗೂ ಕಾಯಂ ನೌಕರರ ಭದ್ರತೆ ದೊರೆಯುವುದಿಲ್ಲ.

ಅದೇ ಪಟ್ಟಣದಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತುಹೋಯಿತು. ಅಲ್ಲಿನ ನೌಕರರು ಸ್ವಯಂ ನಿವೃತ್ತಿ ಯೋಜನೆಯಲ್ಲಿ, ಅಂದರೆ ಸೇವಾವಧಿ ಮುಗಿಯುವ ಮೊದಲೇ ಪರಿಹಾರಧನ ಪಡೆದು ಕೆಲಸ ಬಿಡುವ ವ್ಯವಸ್ಥೆಯಲ್ಲಿ, ಹೊರಬಂದರು. ಹೆಸರಿನಲ್ಲಿ ಅದು ಸ್ವಯಂಪ್ರೇರಿತವಾದರೂ, ನಿಂತ ಕಾರ್ಖಾನೆಯ ನೌಕರನಿಗೆ ಬೇರೆ ಆಯ್ಕೆ ವಿರಳ.

ಸಂಸ್ಥಾನದ ಕಾಲದಲ್ಲಿ ಈ ಉದ್ದಿಮೆಗಳನ್ನು ನಾಡಿನ ಏಳಿಗೆಗೆಂದು ಕಟ್ಟಲಾಗಿತ್ತು. ಅವುಗಳ ಅಳಿವು ಉಳಿವನ್ನು ಲಾಭನಷ್ಟದ ಲೆಕ್ಕವೊಂದರಿಂದಲೇ ತೀರ್ಮಾನಿಸುವುದು ಆ ಉದ್ದೇಶಕ್ಕೂ, ಅವುಗಳಿಗಾಗಿ ತಲೆಮಾರುಗಳ ಕಾಲ ದುಡಿದವರಿಗೂ ಮಾಡುವ ಅನ್ಯಾಯ.