ಪ್ರಶಸ್ತಿಗಂಟಿದ್ದ ಹೆಸರು

1960ರ ದಶಕದ ಕೊನೆಯ ಮಾತು. ಕಪ್ಪು ಅಮೆರಿಕನ್ ಲೇಖಕ ಸ್ಯಾಮ್ಯುಯೆಲ್ ಡಿಲೇನಿಯ ‘ನೋವಾ’ ಕಾದಂಬರಿ ಧಾರಾವಾಹಿಯಾಗಲೆಂದು ‘ಅನಲಾಗ್’ ಎಂಬ ವಿಜ್ಞಾನಕಥಾ ಪತ್ರಿಕೆಯ ಬಾಗಿಲಿಗೆ ಹೋಯಿತು. ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಒಲ್ಲೆನೆಂದರು. ಕಪ್ಪು ನಾಯಕನನ್ನು ತಮ್ಮ ಓದುಗರು ಒಪ್ಪಲಾರರು ಎಂಬುದು ಅವರು ಕೊಟ್ಟ ಕಾರಣ ಎಂದು ಡಿಲೇನಿ ಮುಂದೆ ಬರೆದರು. ನಕ್ಷತ್ರಗಳನ್ನೇ ದಾಟಿ ಬರುವ ಓದುಗರಿಗೆ ಚರ್ಮದ ಬಣ್ಣ ದಾಟಲು ಬಾರದಂತೆ!

ಆದರೂ 1973ರಿಂದ ವಿಜ್ಞಾನಕಥೆಯ ಹೊಸ ಲೇಖಕರ ಪ್ರಶಸ್ತಿಗೆ ಕ್ಯಾಂಪ್‌ಬೆಲ್ಲರದೇ ಹೆಸರಿತ್ತು. ಅಭಿಮಾನಿಗಳೇ ಮತ ಹಾಕಿ ಕೊಡುವ ಪ್ರಶಸ್ತಿಯದು.

2019ರ ಆಗಸ್ಟ್, ಡಬ್ಲಿನ್‌ನ ವಿಶ್ವ ವಿಜ್ಞಾನಕಥಾ ಸಮ್ಮೇಳನ. ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಜೆನೆಟ್ ಎಂಗ್ ಆ ಪ್ರಶಸ್ತಿ ಪಡೆದು, ಅದೇ ವೇದಿಕೆಯಲ್ಲಿ ಕ್ಯಾಂಪ್‌ಬೆಲ್ಲರನ್ನು ಫ್ಯಾಸಿಸ್ಟ್ ಎಂದು ಕರೆದರು. ಹಲವರು ಸಿಡಿಮಿಡಿಗೊಂಡರು. ಹತ್ತು ದಿನದೊಳಗೆ ಪ್ರಶಸ್ತಿಯ ಹೆಸರು, ‘ಅನಲಾಗ್’ನ ಹಳೆಯ ಹೆಸರಿನಂತೆ, ‘ಅಸ್ಟೌಂಡಿಂಗ್’ ಎಂದಾಯಿತು.

ಮರುವರ್ಷ ಆ ಭಾಷಣಕ್ಕೇ ವಿಜ್ಞಾನಕಥಾ ಲೋಕದ ಹ್ಯೂಗೋ ಪ್ರಶಸ್ತಿ ಬಂತು.