ತಗ್ಗು ಸ್ಪ್ರಿಂಗ್ ಮತ್ತು ಶಾಕ್ ಹೊಂದಾಣಿಕೆ

ಕಾರಿನ ಎತ್ತರ ಇಳಿಸಲು ಗಿಡ್ಡ, ಹೆಚ್ಚು ಬಿಗಿಯಾದ ಸ್ಪ್ರಿಂಗ್ ಹಾಕುವಾಗ ಅದಕ್ಕೆ ತಕ್ಕ ಶಾಕ್ ಅಬ್ಸಾರ್ಬರ್ ಅಥವಾ ಸ್ಟ್ರಟ್ ಆರಿಸುವ ಕ್ರಮ. ಭಾರ ಹೊರುವುದು ಸ್ಪ್ರಿಂಗ್. ಅದರ ಕುಪ್ಪಳಿಕೆಯನ್ನು ಅಡಗಿಸುವುದು ಶಾಕ್‌ನೊಳಗಿನ ಎಣ್ಣೆ ಮತ್ತು ಕವಾಟಗಳು. ಮೂಲ ಶಾಕ್ ಮೆದು ಸ್ಪ್ರಿಂಗ್‌ಗೆಂದೇ ಹದಗೊಂಡದ್ದು. ಬಿಗಿ ಸ್ಪ್ರಿಂಗ್ ಮರಳಿ ಹಿಗ್ಗುವ ರಭಸವನ್ನು ಅದು ಸಾಕಷ್ಟು ತಡೆಯದೆ ಕಾರು ಪುಟಿಯುತ್ತಲೇ ಇರುತ್ತದೆ. ಕಾರು ತಗ್ಗಿದಷ್ಟೂ ಪಿಸ್ಟನ್ ದಂಡ ಒಳಸರಿದು, ರಸ್ತೆಗುಂಡಿಗಳಲ್ಲಿ ಚಲನೆಯ ಕೊನೆಯ ತಡೆಯಾದ ಬಂಪ್ ಸ್ಟಾಪ್‌ಗೆ ಬೇಗ ಬಡಿಯುತ್ತದೆ. ಜರ್ಮನಿಯ ಬಿಲ್‌ಸ್ಟೈನ್ ಕಂಪನಿ ಈ ಕಾರಣಕ್ಕೇ ಮೂಲ ಎತ್ತರಕ್ಕೆ ಬಿ6, ತಗ್ಗಿಸಿದ ಕಾರಿಗೆ ಗಿಡ್ಡನೆಯ ಬಿ8 ಎಂದು ಬೇರೆಬೇರೆ ಶಾಕ್‌ಗಳನ್ನು ಮಾಡುತ್ತದೆ. ಬಿ8ಕ್ಕೆ ಐಬಾಕ್ ಕಂಪನಿಯ ಸ್ಪ್ರಿಂಗ್ ಕೂಡಿಸಿದ ಕಿಟ್ಟೇ ಬಿ12. ಸ್ಪ್ರಿಂಗ್ ಮಾತ್ರ ಬದಲಿಸುವುದು ಅಗ್ಗವೆನಿಸಬಹುದು, ಆದರೆ ಹಳೆಯ ಶಾಕ್ ಸೋರತೊಡಗಿದರೆ ಬಿಚ್ಚುವ ಕೂಲಿ ಎರಡನೆಯ ಸಲವೂ ತೆರಬೇಕು. ಎತ್ತರ ಇಳಿದಾಗ ಚಕ್ರಗಳ ಕ್ಯಾಂಬರ್, ಟೋ ಕೋನಗಳೂ ಬದಲಾಗುವುದರಿಂದ ಜೋಡಣೆಯ ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು.