ಉತ್ತರ ಅದನೋ ಇಲ್ಲೋ?

ಬಸವಕಲ್ಯಾಣದ ನಮ್ಮ ಮನೆಯ ಹಿತ್ತಲಲ್ಲಿ ಅವ್ವ ಬಟ್ಟೆ ಒಗೆಯುವಾಗ ನಾನು ಅವಳ ಹಳೆಯ ಬಳೆಯೊಂದನ್ನು ಸಾಬೂನು ನೀರಿನಲ್ಲಿ ಅದ್ದಿ, ಅದರಲ್ಲಿ ಮೂಡುವ ಬಣ್ಣದ ಪೊರೆ ನೋಡುತ್ತ ಕೂಡುತ್ತಿದ್ದೆ. ಮುಂದೆ ಹುಮನಾಬಾದಿನ ಶಾಲೆಯೊಂದರಲ್ಲಿ ಗಣಿತ ಕಲಿಸತೊಡಗಿದಾಗ ಅದೇ ಆಟವನ್ನು ತರಗತಿಗೂ ಒಯ್ದೆ. ಬಳೆಯ ಬದಲು ತಂತಿ, ಅಷ್ಟೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಟೀಚರ್, ತಂತಿ ಹೆಂಗ ಸೊಟ್ಟ ಮಾಡಿದ್ರೂ ಪೊರೆ ಬಂದೇ ಬರ್ತದೇನ್ರಿ?”

ಅದು ಸಣ್ಣ ಪ್ರಶ್ನೆಯಲ್ಲ. 19ನೆಯ ಶತಮಾನದಲ್ಲಿ ಬೆಲ್ಜಿಯಂನ ಪ್ಲಾಟೋ ದೃಷ್ಟಿ ಕಳೆದುಕೊಂಡ ಮೇಲೂ ಇಂಥ ಪೊರೆಗಳನ್ನು ಬಿಡಲಿಲ್ಲ. ಪೊರೆಯ ಆಕಾರವನ್ನು ಹೇಳುವ ಸಮೀಕರಣಕ್ಕೆ ‘ಅರೇಖೀಯ ದೀರ್ಘವೃತ್ತೀಯ ಅವಕಲ ಸಮೀಕರಣ’ ಎಂಬ ಭಾರದ ಹೆಸರು. ಹೆದರಬೇಡಿ. ಎರಡು ಉತ್ತರ ಕೂಡಿಸಿದರೆ ಮೂರನೆಯದು ಸಿಕ್ಕೀತೆಂಬ ಭರವಸೆ ಇಲ್ಲದ್ದು ಅರೇಖೀಯ. ಅಂಚಿನಲ್ಲಿ ಒಂದು ಕಡೆ ಅಲುಗಿದರೆ ನಡುವಿನದೆಲ್ಲ ಅಲುಗುವುದು ದೀರ್ಘವೃತ್ತೀಯದ ಗುಣ, ನಮ್ಮ ಕೂಡುಕುಟುಂಬದ ಹಾಗೆ.

ಪೊರೆ ತನ್ನ ವಿಸ್ತೀರ್ಣವನ್ನು ಆದಷ್ಟು ಕಡಿಮೆ ಮಾಡಿಕೊಳ್ಳುತ್ತದೆ. ಕಡಿಮೆ ಮಾಡುತ್ತ ಹೋದರೆ ಎಲ್ಲಕ್ಕಿಂತ ಕಡಿಮೆಯದು ಸಿಕ್ಕೇ ಸಿಗುತ್ತದೆಂದು ದೊಡ್ಡ ಗಣಿತಜ್ಞರೂ ನಂಬಿದ್ದರು. 1870ರಲ್ಲಿ ಜರ್ಮನಿಯ ವೈಯರ್‌ಸ್ಟ್ರಾಸ್ ಆ ನಂಬಿಕೆಯ ದೋಷ ತೋರಿಸಿದ. ರೊಟ್ಟಿಯನ್ನು ಅರ್ಧ, ಕಾಲು, ಅರೆಕಾಲು ಎಂದು ಮನಸ್ಸಿನಲ್ಲೇ ಮುರಿಯುತ್ತ ಹೋಗಿ. ಎಲ್ಲಕ್ಕಿಂತ ಸಣ್ಣ ತುಂಡು ಯಾವುದು? ಅಂಥದು ಇಲ್ಲವೇ ಇಲ್ಲ! 1930ರ ಹೊತ್ತಿಗೆ ಡಗ್ಲಸ್ ಮತ್ತು ರಾಡೊ ಬೇರೆಬೇರೆಯಾಗಿ ದುಡಿದು, ತಂತಿಗೆ ಪೊರೆ ಉಂಟೆಂದು ಸಾಧಿಸಿದರು.

1934ರಲ್ಲಿ ಲೆರೆ ಮತ್ತು ಶೌಡರ್ ಇನ್ನೊಂದು ದಾರಿ ತೋರಿದರು. ಸುಲಭದ ಸಮೀಕರಣವನ್ನು ಸ್ವಲ್ಪಸ್ವಲ್ಪವಾಗಿ ಕಠಿಣದ ಕಡೆಗೆ ಬದಲಿಸುತ್ತ ಹೋಗಬೇಕು. ಉತ್ತರಗಳು ಒಂದು ಬೇಲಿ ದಾಟಿ ಓಡಿಹೋಗುವುದಿಲ್ಲವೆಂದು ಮೊದಲೇ ತೋರಿಸಬೇಕು. ಆ ಬೇಲಿ ಕಟ್ಟಿದವರಲ್ಲಿ ರಷ್ಯಾದ ಓಲ್ಗಾ ಲೇಡಿಜೆನ್ಸ್ಕಾಯಾ ಒಬ್ಬಳು. ಮಗಳಿಗೆ ಗಣಿತ ಕಲಿಸಿದ ತಂದೆಯನ್ನು 1937ರಲ್ಲಿ ಸರಕಾರ ಬಂಧಿಸಿ ಕೊಂದಿತು. ಆತನ ಮಗಳೆಂದು ಲೆನಿನ್‌ಗ್ರಾಡ್ ವಿಶ್ವವಿದ್ಯಾಲಯದ ಬಾಗಿಲು ಅವಳಿಗೆ ಮುಚ್ಚಿತು. ಊರಿನ ಶಾಲೆಯಲ್ಲಿ ಪಾಠ ಹೇಳಿದಳು. 1943ರಲ್ಲಿ ಮಾಸ್ಕೋಗೆ ಹೋಗಿ ಓದು ಮುಂದುವರಿಸಿದಳು. 1964ರಲ್ಲಿ ಅವಳೂ ನೀನಾ ಉರಾಲ್ತ್ಸೇವಾಳೂ ಈ ಸಮೀಕರಣಗಳ ಮೇಲೆ ಬರೆದ ಗ್ರಂಥ ಹೊರಬಂತು. ನಮ್ಮ ಬೆಂಗಳೂರಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೇಂದ್ರದಿಂದ ಆದಿಮೂರ್ತಿಯವರು 1990ರಲ್ಲಿ, ಉತ್ತರ ಇನ್ನೇನು ಕೈಜಾರೀತು ಎಂಬ ಅಂಚಿನ ಕೆಲವು ಸಮೀಕರಣಗಳಿಗೂ ಉತ್ತರ ಉಂಟೆಂದು ತೋರಿಸಿದರು.

ಇವರೆಲ್ಲ ಸಾಧಿಸಿದ್ದು ‘ಉತ್ತರ ಇದೆ’ ಎಂಬುದನ್ನು. ಅದು ಇಂಥದೇ ಎಂದು ಬರೆದು ಕೊಡುವುದು ಬೇರೆ ಮಾತು.

ಆ ವರ್ಷವೇ ಹುಡುಗಿಯನ್ನು ಶಾಲೆ ಮುಗಿದ ಕೂಡಲೇ ಬಿಡಿಸುತ್ತಾರೆಂದು ಕೇಳಿ ಅವಳ ಮನೆಗೆ ಹೋದೆ. ತಾಯಿ ಚಹಾ ಕೊಟ್ಟು ಕೇಳಿದರು: “ಅಕಿ ಓದಿದ್ರ ಮುಂದ ಏನದ ಟೀಚರ್?” ಎಂ.ಎಸ್ಸಿ. ಆಸೆಯನ್ನು ಮನೆಯವರ ಮಾತಿಗೆ ಕಟ್ಟಿಟ್ಟವಳು ನಾನು. ಏನು ಹೇಳಲಿ? “ಏನದ ಅಂತ ಹೇಳ್ಲಿಕ್ಕ ಬರಂಗಿಲ್ರಿ. ಆದ್ರ ಅದ” ಎಂದೆ. ಆ ಮಾತಿಗೆ ನನ್ನ ಹತ್ತಿರ ಸಾಧನೆ ಇರಲಿಲ್ಲ.

ಜೂನ್ ತಿಂಗಳಲ್ಲಿ ಹುಡುಗಿ ಕಾಲೇಜಿಗೆ ಹೆಸರು ಹಚ್ಚಿದಳು.